ವಿಜ್ಞಾನತಪಸ್ವಿ ಮೈಕೇಲ್ ಫ್ಯಾರಡೆ

ನೀರು ತಿಳಿಯಾಗಿದ್ದ ಮಾತ್ರಕ್ಕೆ ಶುದ್ಧವೆನಿಸದು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗಿನ ಸೀಮೆಯಲ್ಲಿ ಕೆರೆಬಾವಿಗಳು ಬತ್ತಿದಾಗ ತೋಟಕ್ಕೂ ಮನೆಗೂ ಕೊಳವೆಬಾವಿಯೇ ಆಸರೆ. ಆಳದ ಆ ನೀರಿನಲ್ಲಿ ಏನು ಕರಗಿದೆಯೆಂಬುದು ಕಣ್ಣಿಗೆ ಕಾಣದು. ಕಾಣದುದನ್ನು ಬಣ್ಣದಿಂದ ಗುರುತಿಸುವ ಇಂದಿನ ವಿದ್ಯೆಯೊಂದಕ್ಕೆ ತಳಹದಿ ಹಾಕಿದವರು ಮೈಕೇಲ್ ಫ್ಯಾರಡೆಯವರು.

ಫ್ಯಾರಡೆಯವರು 1791ರ ಸೆಪ್ಟೆಂಬರ್ 22ರಂದು ಲಂಡನ್ನಿನ ಬಳಿ ಬಡ ಕಮ್ಮಾರನ ಮನೆಯಲ್ಲಿ ಜನಿಸಿದರು. ಶಾಲಾ ವಿದ್ಯಾಭ್ಯಾಸ ಅಲ್ಪವೇ. ಹದಿನಾಲ್ಕನೆಯ ವಯಸ್ಸಿನಲ್ಲಿ ಪುಸ್ತಕದ ರಟ್ಟು ಕಟ್ಟುವ ಕೆಲಸಕ್ಕೆ ಸೇರಿ, ಕಟ್ಟಲು ಬಂದ ಪುಸ್ತಕಗಳನ್ನೇ ಓದಿ ಜ್ಞಾನ ಸಂಪಾದಿಸಿದರು. 1812ರಲ್ಲಿ ಹಂಫ್ರಿ ಡೇವಿಯವರ ಉಪನ್ಯಾಸಗಳನ್ನು ಕೇಳಿ, ಬರೆದುಕೊಂಡ ಟಿಪ್ಪಣಿಗಳಿಗೆ ತಾವೇ ರಟ್ಟು ಕಟ್ಟಿ ಅವರಿಗೆ ಕಳುಹಿಸಿದರು. ಮರುವರ್ಷ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಸಹಾಯಕರಾದರು. 1831ರಲ್ಲಿ ಅವರು ಕಂಡ ವಿದ್ಯುತ್ಕಾಂತ ಪ್ರೇರಣೆಯು ಲೋಕವಿಖ್ಯಾತವಾಗಿದೆ.

1855ರಲ್ಲಿ ಥೇಮ್ಸ್ ನದಿಯ ಹೊಲಸನ್ನು ಕಂಡು ಮರುಗಿದ ಅವರು ಬಿಳಿಯ ಕಾಗದದ ಚೂರುಗಳನ್ನು ನೀರಿಗೆ ಬಿಟ್ಟರು. ಅಂಗುಲ ಮುಳುಗುವ ಮೊದಲೇ ಅವು ಮರೆಯಾದವು. ಆ ಪರೀಕ್ಷೆಯ ಫಲವನ್ನು ಪತ್ರಿಕೆಯ ಮೂಲಕ ಸಾರ್ವಜನಿಕರಿಗೆ ತಿಳಿಸಿದರು.

ಅರವತ್ತೈದರ ಆಸುಪಾಸಿನ ವಯಸ್ಸಿನಲ್ಲಿ, ಸ್ಮರಣಶಕ್ತಿ ಕುಂದುತ್ತಿದ್ದಾಗಲೂ, ಅವರು ಚಿನ್ನದ ಅಧ್ಯಯನ ಕೈಗೊಂಡರು. ಚಿನ್ನದ ಲವಣದ ದ್ರಾವಣಕ್ಕೆ ರಂಜಕ ಬೆರೆಸಿದಾಗ ಮಾಣಿಕ್ಯದಂತೆ ಕೆಂಪಾದ ದ್ರವ ದೊರೆಯಿತು. ಅದಕ್ಕೆ ಉಪ್ಪು ಬೆರೆಸಲು ನೀಲಿಗೆ ತಿರುಗಿತು. ಬಣ್ಣಕ್ಕೆ ಕಾರಣ ಅತಿಸೂಕ್ಷ್ಮ ಚಿನ್ನದ ಕಣಗಳೆಂದು 1857ರಲ್ಲಿ ರಾಯಲ್ ಸೊಸೈಟಿಯ ಮುಂದೆ ಅವರು ನಿರೂಪಿಸಿದರು. ಅಂದು ಸಿದ್ಧಪಡಿಸಿದ ದ್ರವ ಲಂಡನ್ನಿನಲ್ಲಿ ಇಂದಿಗೂ ಸುರಕ್ಷಿತವಾಗಿದೆ.

ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಭಾಗವೇ ನ್ಯಾನೊಮೀಟರು. ಅಂಥ ಕೆಲವೇ ನ್ಯಾನೊಮೀಟರು ಗಾತ್ರದ ಚಿನ್ನದ ಕಣಗಳಿಗೆ, ನಿರ್ದಿಷ್ಟ ಲೋಹದ ಅಯಾನನ್ನು ಗುರುತಿಸುವ ಅಣುಗಳನ್ನು ಇಂದು ಲೇಪಿಸುತ್ತಾರೆ. ಅಯಾನಿನಿಂದ ಕಣಗಳು ಗುಂಪುಗೂಡಿದರೆ ಕೆಂಪು ನೀಲಿಯಾಗುವುದು. ಗುಂಪು ಚದುರಿದರೆ ನೀಲಿ ಕೆಂಪಾಗುವುದು. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ಈ ತತ್ತ್ವದಿಂದ ಸೀಸವನ್ನು ಪತ್ತೆಮಾಡುವ ವಿಧಾನವನ್ನು 2003ರಲ್ಲಿ ಪ್ರಕಟಿಸಿದರು. ಆದರೆ ಫ್ಯಾರಡೆಯವರೇ ಕಂಡಂತೆ ಸಾಮಾನ್ಯ ಉಪ್ಪೂ ಬಣ್ಣ ಬದಲಿಸಬಲ್ಲದು. ಆದಕಾರಣ ಕೊಳವೆಬಾವಿಯ ಗಡಸು ನೀರನ್ನು ಪರೀಕ್ಷಿಸುವವರು ಬಣ್ಣವೊಂದನ್ನೇ ನಂಬದೆ ಪ್ರಯೋಗಾಲಯದ ಫಲಿತಾಂಶದೊಡನೆ ತಾಳೆ ನೋಡುವುದು ಅಗತ್ಯ.

ಫ್ಯಾರಡೆಯವರು ರಾಯಲ್ ಸೊಸೈಟಿಯ ಅಧ್ಯಕ್ಷ ಪದವಿಯನ್ನು ಒಲ್ಲೆನೆಂದರು. ಮಕ್ಕಳಿಗಾಗಿ ಕ್ರಿಸ್‌ಮಸ್ ಉಪನ್ಯಾಸಗಳನ್ನು ಹಲವು ವರ್ಷ ನೀಡಿದರು. 1867ರ ಆಗಸ್ಟ್ 25ರಂದು ನಿಧನರಾದರು. ಕಣ್ಣಾರೆ ಕಂಡುದನ್ನೂ ಮತ್ತೆ ಪರೀಕ್ಷಿಸಿ ನೋಡುವ ಅವರ ನಿಷ್ಠೆ ಪ್ರತಿಯೊಂದು ಶಾಲೆಯ ಪ್ರಯೋಗಶಾಲೆಗೂ ದಾರಿದೀಪವಾಗಿದೆ.