ಗಾಳಿಯಿಂದ ಗಡ್ಡೆ ಹುಡುಕಿದ ಡ್ಯಾಂಡಿ

ಕಳೆದ ವರ್ಷ ನನ್ನ ಕಾಲುಗಳು ಜೋಮು ಹಿಡಿದು ಸೋಲತೊಡಗಿದಾಗ ವಯೋಸಹಜವೆಂದೇ ಬಗೆದಿದ್ದೆ. ಎಂಆರ್‌ಐ ಪರೀಕ್ಷೆ ನಡೆದಾಗ ಬೆನ್ನುಹುರಿಯನ್ನು ಒತ್ತುತ್ತಿದ್ದ ಗಡ್ಡೆಯೊಂದು ಪತ್ತೆಯಾಯಿತು. ಅದನ್ನು ತೆಗೆದ ಮೇಲೆ ಮತ್ತೆ ನಡೆಯುತ್ತಿದ್ದೇನೆ. ವಿಶ್ರಾಂತಿಯ ದಿನಗಳಲ್ಲಿ, ಇಂತಹ ಚಿತ್ರಣಕ್ಕೆ ದಾರಿ ತೆರೆದವರಲ್ಲಿ ಒಬ್ಬರಾದ ವಾಲ್ಟರ್ ಡ್ಯಾಂಡಿಯವರ ಬದುಕನ್ನು ಓದಿದೆ.

ಡ್ಯಾಂಡಿ 1886ರಲ್ಲಿ ಅಮೆರಿಕದ ಮಿಸ್ಸೌರಿ ರಾಜ್ಯದ ಸೆಡಾಲಿಯಾದಲ್ಲಿ ಜನಿಸಿದರು. ತಂದೆ ಇಂಗ್ಲೆಂಡಿನಿಂದ ವಲಸೆ ಬಂದ ರೈಲ್ವೆ ನೌಕರ. ಡ್ಯಾಂಡಿ 1910ರಲ್ಲಿ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ವೈದ್ಯ ಪದವಿ ಪಡೆದು, ನರಶಸ್ತ್ರವೈದ್ಯ ಹಾರ್ವೆ ಕುಶಿಂಗ್ ಅವರ ಬಳಿ ದುಡಿದರು. 1912ರಲ್ಲಿ ಬಾಸ್ಟನ್ನಿಗೆ ಹೊರಟ ಗುರು ಈ ಶಿಷ್ಯನನ್ನು ಜೊತೆಗೆ ಕರೆದೊಯ್ಯಲಿಲ್ಲ. ಹಿರಿಯ ಶಸ್ತ್ರವೈದ್ಯ ವಿಲಿಯಂ ಹಾಲ್‌ಸ್ಟೆಡ್ ಅವರನ್ನು ಅಲ್ಲಿಯೇ ಉಳಿಸಿಕೊಂಡರು.

ಕ್ಷ-ಕಿರಣ 1895ರಲ್ಲೇ ಪತ್ತೆಯಾಗಿತ್ತು. ಆದರೆ ಅದರಲ್ಲಿ ಕಾಣುತ್ತಿದ್ದುದು ಮೂಳೆಯೇ ಹೊರತು ಬೆನ್ನುಹುರಿಯಲ್ಲ. ಗಡ್ಡೆಯ ನೆಲೆಯನ್ನು ರೋಗಿಯ ನೋವು, ಮರಗಟ್ಟುವಿಕೆಗಳಿಂದಲೇ ಊಹಿಸಬೇಕಿತ್ತು. 1887ರಲ್ಲಿ ಲಂಡನ್ನಿನ ವಿಕ್ಟರ್ ಹಾರ್ಸ್ಲಿ ಇಂತಹ ಗಡ್ಡೆಯನ್ನು ತೆಗೆದಾಗ, ಮೊದಲು ತೆರೆದೆಡೆ ಅದು ಸಿಗದೆ ಇನ್ನಷ್ಟು ಮೇಲಕ್ಕೆ ಮೂಳೆ ಬಿಡಿಸಬೇಕಾಯಿತು.

ಡ್ಯಾಂಡಿ 1918ರಲ್ಲಿ ಮಿದುಳಿನ ಕುಹರಗಳಿಗೆ ಗಾಳಿ ತುಂಬಿ ಕ್ಷ-ಕಿರಣ ಚಿತ್ರ ತೆಗೆದರು. ಮರುವರ್ಷ ಬೆನ್ನಿನ ಕೆಳಭಾಗದಿಂದ ಬೆನ್ನುಹುರಿಯ ನಾಳಕ್ಕೆ ಗಾಳಿ ಸೇರಿಸುವ ವಿಧಾನವನ್ನು ಪ್ರಕಟಿಸಿದರು. ತಲೆ ಮೇಲೆ ಮಾಡಿದಾಗ ಗಾಳಿ ದ್ರವದೊಳಗೆ ಮೇಲೇರುತ್ತದೆ; ಗಡ್ಡೆ ನಾಳವನ್ನು ಮುಚ್ಚಿದ್ದರೆ ಅಲ್ಲಿಯೇ ನಿಲ್ಲುತ್ತದೆ. ಆ ತಡೆಯಿಂದ ಗಡ್ಡೆಯ ನೆಲೆಯನ್ನು ಗುರುತಿಸಬಹುದೆಂದು ಅವರು ಪ್ರತಿಪಾದಿಸಿದರು.

ಪರೀಕ್ಷೆ ಸುಖಕರವಾಗಿರಲಿಲ್ಲ. ತೀವ್ರ ತಲೆನೋವು, ವಾಂತಿ ಬರುತ್ತಿದ್ದವು, ಚಿತ್ರವೂ ಮಸುಕು. 1920ರ ದಶಕದ ಆರಂಭದಲ್ಲಿ ಫ್ರಾನ್ಸಿನ ಸಿಕಾರ್ ಮತ್ತು ಫಾರೆಸ್ಟಿಯೇ ಅಯೋಡಿನ್‌ಯುಕ್ತ ಎಣ್ಣೆ ಬಳಸಿ ಹೆಚ್ಚು ಸ್ಪಷ್ಟ ಚಿತ್ರ ಪಡೆದರು. 1980ರ ದಶಕದಲ್ಲಿ ಬಳಕೆಗೆ ಬಂದ ಎಂಆರ್‌ಐ, ನಾಳಕ್ಕೆ ಸೂಜಿ ಹಾಕುವ ಅಗತ್ಯವನ್ನೇ ಬಹುಮಟ್ಟಿಗೆ ತಪ್ಪಿಸಿತು. ಡ್ಯಾಂಡಿ ಅದನ್ನು ಕಾಣಲಿಲ್ಲ. 1946ರಲ್ಲಿ, 60ರ ವಯಸ್ಸಿನಲ್ಲಿ ಹೃದಯಾಘಾತದಿಂದ ತೀರಿಕೊಂಡರು.

ಅವರ ಬದುಕು ನನ್ನನ್ನು ಚುಚ್ಚಿದ್ದು ಬೇರೆ ಕಾರಣಕ್ಕೆ. ಬೆನ್ನುಹುರಿಯ ಅನೇಕ ಗಡ್ಡೆಗಳು ಕ್ಯಾನ್ಸರ್ ಅಲ್ಲ. ಬೇಗ ಕಂಡರೆ ಕಾಲುಗಳು ಉಳಿಯುತ್ತವೆ, ತಡವಾದರೆ ಹೋದ ಶಕ್ತಿ ಮರಳದಿರಬಹುದು. ಸೇವೆಯಲ್ಲಿದ್ದಾಗ ಜಿಲ್ಲಾಸ್ಪತ್ರೆಯೊಂದಕ್ಕೆ ಸ್ಕ್ಯಾನ್ ಯಂತ್ರ ಕೋರಿದ ಕಡತ ನನ್ನ ಮುಂದೆ ಬಂದಿತ್ತು. ಬೆಲೆಗೆ ತಕ್ಕಷ್ಟು ರೋಗಿಗಳಿಲ್ಲವೆಂದು ಬರೆದು ಹಿಂದಿರುಗಿಸಿದ್ದೆ. ಅರ್ಥಶಾಸ್ತ್ರ ಓದಿದವನು ಯಂತ್ರದ ಬೆಲೆಯನ್ನು ಲೆಕ್ಕ ಹಾಕಿದ್ದೆ. ಯಂತ್ರವಿಲ್ಲದುದರ ಬೆಲೆಯನ್ನು ಹಾಕಿರಲಿಲ್ಲ.