ಮೊಬೈಲ್ ಪರದೆ ಕಪ್ಪಾಗಿ ಕಂಡರೆ ಕೂಲಿಂಗ್ ಗ್ಲಾಸ್ ಅಸಲಿಯೇ? ಉತ್ತರ ಡೇವಿಡ್ ಬ್ರೂಸ್ಟರ್ ಬದುಕಿನಲ್ಲಿದೆ

ಕೂಲಿಂಗ್ ಗ್ಲಾಸ್ ಹಾಕಿಕೊಂಡು ಮೊಬೈಲ್ ನೋಡಿ, ಫೋನನ್ನು ನಿಧಾನವಾಗಿ ತಿರುಗಿಸಿ, ಪರದೆ ಕಪ್ಪಾದರೆ ಕನ್ನಡಕ ಅಸಲಿ, ಯುವಿ ಕಿರಣಗಳಿಂದ ಕಣ್ಣಿಗೆ ಪೂರ್ತಿ ರಕ್ಷಣೆ, ಕಪ್ಪಾಗದಿದ್ದರೆ ನಕಲಿ. ಇಂಥದೊಂದು ಪರೀಕ್ಷೆಯ ಬಗ್ಗೆ ನೀವೂ ಕೇಳಿರಬಹುದು. ಇದರಲ್ಲಿ ಅರ್ಧ ನಿಜ, ಅರ್ಧ ಸುಳ್ಳು. ಎರಡನ್ನೂ ಬೇರೆ ಮಾಡಿ ನೋಡಬೇಕಾದರೆ ನಾವು ಇನ್ನೂರು ವರ್ಷ ಹಿಂದಕ್ಕೆ, ಸ್ಕಾಟ್ಲೆಂಡಿಗೆ ಹೋಗಬೇಕು.

ಪಾದ್ರಿಯಾಗಬೇಕಿದ್ದ ಹುಡುಗ

ಡೇವಿಡ್ ಬ್ರೂಸ್ಟರ್ ಹುಟ್ಟಿದ್ದು 1781ರ ಡಿಸೆಂಬರ್ 11ರಂದು, ಜೆಡ್‌ಬರ್ಗ್ ಎಂಬ ಸಣ್ಣ ಊರಿನಲ್ಲಿ. ತಂದೆ ಅಲ್ಲಿನ ಶಾಲೆಯ ಮುಖ್ಯಸ್ಥರು. ಆ ಊರಿನ ಪಕ್ಕದಲ್ಲೇ ಜೇಮ್ಸ್ ವೀಚ್ ಎಂಬ ನೇಗಿಲು ಮಾಡುವ ಕುಶಲಕರ್ಮಿ ಇದ್ದರು. ಯಾರಿಂದಲೂ ಪಾಠ ಹೇಳಿಸಿಕೊಳ್ಳದೆ ದೂರದರ್ಶಕಗಳನ್ನು ತಯಾರಿಸುತ್ತಿದ್ದ ಅವರ ಕಾರ್ಯಾಗಾರವೇ ಬಾಲಕ ಬ್ರೂಸ್ಟರ್‌ಗೆ ಬೆಳಕಿನ ಹುಚ್ಚು ಹಿಡಿಸಿತು. ಹನ್ನೆರಡನೇ ವಯಸ್ಸಿಗೇ ಆತ ಎಡಿನ್‌ಬರೋ ವಿಶ್ವವಿದ್ಯಾಲಯ ಸೇರಿದ.

ಮನೆಯವರ ಆಸೆ ಮಗ ಪಾದ್ರಿಯಾಗಲಿ ಎಂಬುದು. 1804ರಲ್ಲಿ ಧರ್ಮಬೋಧನೆಗೆ ಪರವಾನಗಿಯೂ ಸಿಕ್ಕಿತು. ಆದರೆ ಜನರ ಮುಂದೆ ನಿಂತು ಮಾತಾಡುವುದೆಂದರೆ ಬ್ರೂಸ್ಟರ್‌ಗೆ ವಿಪರೀತ ಭಯ. ಆ ದಾರಿ ಬಿಟ್ಟು ಅವರು ಬರವಣಿಗೆ ಮತ್ತು ಸಂಪಾದನೆಯ ಕೆಲಸದಿಂದ ಹೊಟ್ಟೆ ಹೊರೆದುಕೊಂಡರು. ಉಳಿದ ಸಮಯವೆಲ್ಲ ಗಾಜು, ಹರಳು ಮತ್ತು ಕನ್ನಡಿಗಳಿಗೆ ಮೀಸಲಾಯಿತು.

ಬ್ರೂಸ್ಟರ್ ಕೋನ ಎಂದರೇನು?

ಸೂರ್ಯನ ಬೆಳಕಿನ ಅಲೆಗಳು ಎಲ್ಲ ದಿಕ್ಕಿನಲ್ಲೂ ಕಂಪಿಸುತ್ತವೆ. ಅವನ್ನು ಒಂದೇ ದಿಕ್ಕಿಗೆ ಕಟ್ಟಿಹಾಕುವುದಕ್ಕೆ ಧ್ರುವೀಕರಣ ಎನ್ನುತ್ತೇವೆ. ಕಿಟಕಿ ಗಾಜಿನಿಂದ ಪ್ರತಿಫಲಿಸಿ ಬಂದ ಬೆಳಕಿಗೆ ಈ ಗುಣವಿದೆ ಎಂದು ಫ್ರಾನ್ಸಿನ ಮಾಲ್ಯೂ 1808ರಲ್ಲಿ ಗಮನಿಸಿದ್ದರು. ಯಾವ ಕೋನದಲ್ಲಿ ಹೀಗಾಗುತ್ತದೆ ಎಂಬುದಕ್ಕೆ ಮಾತ್ರ ಅವರಿಗೆ ನಿಯಮ ಸಿಕ್ಕಿರಲಿಲ್ಲ.

ಬ್ರೂಸ್ಟರ್ ಒಂದೊಂದೇ ವಸ್ತುವನ್ನು ತಾಳ್ಮೆಯಿಂದ ಅಳೆಯುತ್ತಾ ಹೋದರು. 1815ರಲ್ಲಿ ನಿಯಮ ಸಿಕ್ಕಿತು. ಬೆಳಕನ್ನು ಹೆಚ್ಚು ಬಾಗಿಸುವ ವಸ್ತುವಿಗೆ ಈ ಕೋನವೂ ಹೆಚ್ಚು. ಆ ಕೋನದ ಟ್ಯಾನ್ ಬೆಲೆ ವಸ್ತುವಿನ ವಕ್ರೀಭವನ ಸೂಚ್ಯಂಕಕ್ಕೆ ಸಮ. ಮೇಲ್ಮೈಗೆ ನೇರವಾಗಿ ನಿಂತ ಗೆರೆಯಿಂದ ಅಳೆದರೆ ನೀರಿಗೆ ಸುಮಾರು 53 ಡಿಗ್ರಿ, ಸಾಮಾನ್ಯ ಗಾಜಿಗೆ ಸುಮಾರು 56 ಡಿಗ್ರಿ. ಅದೇ ವರ್ಷ ಲಂಡನ್ನಿನ ರಾಯಲ್ ಸೊಸೈಟಿ ಅವರಿಗೆ ಕಾಪ್ಲಿ ಪದಕ ಕೊಟ್ಟಿತು.

ಲಕ್ಷಗಟ್ಟಲೆ ಮಾರಾಟ, ಕೈಗೆ ಬಂದಿದ್ದು ಅಲ್ಪ

ಗಾಜಿನ ತಟ್ಟೆಗಳ ನಡುವೆ ಬೆಳಕನ್ನು ಮತ್ತೆ ಮತ್ತೆ ಪ್ರತಿಫಲಿಸುತ್ತಿದ್ದಾಗ ಬ್ರೂಸ್ಟರ್‌ಗೆ ಇನ್ನೊಂದು ಸಂಗತಿ ಕಂಡಿತು. ಎರಡು ಕನ್ನಡಿಗಳನ್ನು ಸರಿಯಾದ ಕೋನಕ್ಕೆ ಜೋಡಿಸಿದರೆ ಚೂರುಪಾರು ವಸ್ತುಗಳೂ ಹೂವಿನಂಥ ಚಿತ್ತಾರವಾಗುತ್ತವೆ. 60 ಡಿಗ್ರಿಗೆ ಆರು ದಳ, 45 ಡಿಗ್ರಿಗೆ ಎಂಟು. ಅದೇ ಕಲೈಡೋಸ್ಕೋಪ್. ನಮ್ಮಲ್ಲಿ ಮಕ್ಕಳು ಮೂರು ಗಾಜಿನ ಪಟ್ಟಿ ಕಟ್ಟಿ, ಒಡೆದ ಬಳೆ ಚೂರು ಹಾಕಿ ಮಾಡಿಕೊಳ್ಳುವುದೂ ಇದನ್ನೇ.

1817ರಲ್ಲಿ ಪೇಟೆಂಟ್ ಸಿಕ್ಕಿತು. ಆದರೆ ಮಾರಾಟಕ್ಕೆ ಬರುವ ಮೊದಲೇ ಅದರ ಮಾದರಿ ಲಂಡನ್ನಿನ ಉಪಕರಣ ತಯಾರಕರ ಕಣ್ಣಿಗೆ ಬಿದ್ದಿತ್ತು. ನಕಲು ಮಾಡುವುದು ಬಲು ಸುಲಭ. ಲಂಡನ್ ಮತ್ತು ಪ್ಯಾರಿಸ್‌ನಲ್ಲಿ ಮೂರೇ ತಿಂಗಳಲ್ಲಿ ಸುಮಾರು ಎರಡು ಲಕ್ಷ ಮಾರಾಟವಾದವು ಎಂಬ ಅಂದಾಜಿದೆ. ಅದನ್ನು ಕಂಡುಹಿಡಿದವರ ಕೈಗೆ ಬಂದ ಹಣ ಮಾತ್ರ ಅತ್ಯಲ್ಪ.

ಅಳತೆ ಸರಿ, ನಂಬಿಕೆ ತಪ್ಪು

ಬ್ರೂಸ್ಟರ್ ಬದುಕಿನ ದೊಡ್ಡ ವಿಚಿತ್ರ ಬೇರೆಯೇ ಇದೆ. ನ್ಯೂಟನ್ ಹೇಳಿದಂತೆ ಬೆಳಕು ಕಣಗಳ ಪ್ರವಾಹ ಎಂದು ಅವರು ನಂಬಿದ್ದರು. ಯೂರೋಪಿನ ಉಳಿದ ವಿಜ್ಞಾನಿಗಳು ಒಬ್ಬೊಬ್ಬರಾಗಿ ಅಲೆಯ ಸಿದ್ಧಾಂತಕ್ಕೆ ಬಂದರೂ ಇವರು ಒಪ್ಪಲಿಲ್ಲ. ಅವರದೇ ನಿಯಮಕ್ಕೆ ಅಲೆಯ ಸಿದ್ಧಾಂತವೇ ಸರಿಯಾದ ವಿವರಣೆ ಕೊಟ್ಟಿತು! ಎಡಿನ್‌ಬರೋ ವಿಶ್ವವಿದ್ಯಾಲಯದ ಮುಖ್ಯಸ್ಥರಾಗಿದ್ದ ಬ್ರೂಸ್ಟರ್ 1868ರ ಫೆಬ್ರವರಿ 10ರಂದು ತೀರಿಕೊಂಡರು. ಅವರ ವಾದ ಸೋತಿತು, ಅಳತೆಗಳು ಉಳಿದವು.

ನಿಮ್ಮ ಪರದೆಗೂ ಇದಕ್ಕೂ ಏನು ಸಂಬಂಧ?

ದ್ರವ ಹರಳುಗಳ ಗುಣ ಪತ್ತೆಯಾದದ್ದು ಅವರು ತೀರಿಕೊಂಡು ಇಪ್ಪತ್ತು ವರ್ಷದ ಮೇಲೆ, 1888ರಲ್ಲಿ. ಎಲ್‌ಸಿಡಿ ಪರದೆಯಲ್ಲಿ ಎರಡು ಧ್ರುವೀಕರಣ ಹಾಳೆಗಳ ನಡುವೆ ಈ ದ್ರವ ಹರಳಿರುತ್ತದೆ. ವಿದ್ಯುತ್ ಕೊಟ್ಟಂತೆ ಅದು ಬೆಳಕಿನ ಕಂಪನದ ದಿಕ್ಕನ್ನು ತಿರುಗಿಸುತ್ತದೆ ಅಥವಾ ಹಾಗೇ ಬಿಡುತ್ತದೆ. ಕ್ಯಾಲ್ಕುಲೇಟರ್‌ನಲ್ಲಿ ಹಿಂದೆ ದೀಪವಿಲ್ಲ, ಪ್ರತಿಫಲಿಸುವ ಪದರವಿದೆ. ಕೋಣೆಯ ಬೆಳಕೇ ಒಳಹೋಗಿ ಮರಳಿ ಬಂದು ಅಂಕಿ ತೋರಿಸುತ್ತದೆ. ಮೂರು ಎಲ್‌ಸಿಡಿಗಳ ಪ್ರೊಜೆಕ್ಟರ್‌ನಲ್ಲಿ ವಿಶೇಷ ಕನ್ನಡಿಗಳು ಬೆಳಕನ್ನು ಕೆಂಪು, ಹಸಿರು, ನೀಲಿಯಾಗಿ ಒಡೆದು ಬೇರೆ ಬೇರೆ ಫಲಕಕ್ಕೆ ಕಳಿಸುತ್ತವೆ. ಕನ್ನಡಿಯ ಮೇಲೆಯೇ ದ್ರವ ಹರಳು ಕೂರಿಸಿದ ಪ್ರೊಜೆಕ್ಟರ್‌ಗಳೂ ಇವೆ. ಅವುಗಳಲ್ಲಿ ಬೆಳಕನ್ನು ಕವಲೊಡೆಸಲು ಬಳಸುವ ಒಂದು ಬಗೆಯ ಪಟ್ಟಕದ ತೆಳು ಪದರಗಳು ಬ್ರೂಸ್ಟರ್ ಕೋನದ ಲೆಕ್ಕದಲ್ಲೇ ಕೆಲಸ ಮಾಡುತ್ತವೆ.

ಹಾಗಾದರೆ ಕನ್ನಡಕದ ಪರೀಕ್ಷೆ?

ಎಲ್‌ಸಿಡಿಯಿಂದ ಹೊರಬರುವ ಬೆಳಕು ಒಂದೇ ದಿಕ್ಕಿನಲ್ಲಿ ಕಂಪಿಸುತ್ತದೆ. ಪೋಲರಾಯ್ಡ್ ಕನ್ನಡಕ ಅದಕ್ಕೆ ಅಡ್ಡಲಾಗಿ ಬಂದಾಗ ಪರದೆ ಕಪ್ಪಾಗುತ್ತದೆ. ಆದ್ದರಿಂದ ಪರದೆ ಕಪ್ಪಾದರೆ ಕನ್ನಡಕ ಪೋಲರಾಯ್ಡ್ ಎಂದರ್ಥ. ರಸ್ತೆ ಮತ್ತು ನೀರಿನ ಝಳವನ್ನು ಅದು ಕಡಿಮೆ ಮಾಡುತ್ತದೆ. ಕೆಲವು ಫೋನ್‌ಗಳಲ್ಲಿ ಇದನ್ನು ತಪ್ಪಿಸುವ ಪದರವೇ ಇರುವುದರಿಂದ, ಕಪ್ಪಾಗದಿದ್ದ ಮಾತ್ರಕ್ಕೆ ಕನ್ನಡಕ ನಕಲಿ ಎನ್ನಲಾಗದು.

ಯುವಿ ತಡೆಯುವುದು ಬೇರೆಯೇ ಗುಣ. ಬಣ್ಣವಿಲ್ಲದ ಮಸೂರವೂ ಯುವಿ ತಡೆಯಬಲ್ಲದು; ಕಡುಕಪ್ಪು ಕನ್ನಡಕವೂ ತಡೆಯದಿರಬಹುದು. ತಡೆಯದ ಕಪ್ಪು ಗಾಜಿನ ಹಿಂದೆ ಕಣ್ಣಿನ ಪಾಪೆ ಹಿಗ್ಗುವುದರಿಂದ ಒಳಗೆ ಇನ್ನೂ ಹೆಚ್ಚು ಯುವಿ ಹೋಗುವ ಅಪಾಯವಿದೆ. ಕೊಳ್ಳುವಾಗ ಯುವಿ 400 ಎಂಬ ಗುರುತು ನೋಡಿ. ಅನುಮಾನವಿದ್ದರೆ ಯುವಿ ಅಳೆಯುವ ಯಂತ್ರವಿರುವ ಕನ್ನಡಕದ ಅಂಗಡಿಯಲ್ಲಿ ಪರೀಕ್ಷಿಸಿ. ಆ ಫಾರ್ವರ್ಡ್ ನಿಮಗೂ ಬಂದಿದ್ದರೆ, ಕಳಿಸಿದವರಿಗೆ ಈ ವಿಷಯವನ್ನೂ ತಿಳಿಸಿ.