ಟೆಸ್ಲಾ, ತಿರುಗುವ ಕಾಂತಕ್ಷೇತ್ರ ಮತ್ತು ಸ್ಟೆಪರ್ ಮೋಟಾರಿನ ಹೋಮ್

ಎಸಿ ವಿದ್ಯುತ್ತನ್ನು ಕಂಡುಹಿಡಿದವರು ನಿಕೊಲಾ ಟೆಸ್ಲಾ ಎಂಬ ಮಾತು ವಾಟ್ಸಾಪಿನಲ್ಲಿ ಆಗಾಗ ಬರುತ್ತಿರುತ್ತದೆ. ಅದು ನಿಜವಲ್ಲ. ಅವರು ಹುಟ್ಟುವ ಮೊದಲೇ ಎಸಿ ಉತ್ಪಾದಿಸುವ ಯಂತ್ರಗಳಿದ್ದವು. ಇಲ್ಲದಿದ್ದದ್ದು ಎಸಿಯಿಂದ ಚೆನ್ನಾಗಿ ಓಡುವ ಮೋಟಾರು. ಆ ಕೊರತೆ ನೀಗಿಸಿದ ಉಪಾಯವನ್ನು ನಾವು ಇಂದು 3ಡಿ ಪ್ರಿಂಟರುಗಳಲ್ಲೂ ಬಳಸುತ್ತಿದ್ದೇವೆ.

ಟೆಸ್ಲಾ ಹುಟ್ಟಿದ್ದು 1856ರ ಜುಲೈ 10ರಂದು, ಇಂದಿನ ಕ್ರೊಯೇಷಿಯಾದ ಸ್ಮಿಲ್ಯಾನ್ ಹಳ್ಳಿಯಲ್ಲಿ. ತಂದೆ ಪಾದ್ರಿ. ಆಸ್ಟ್ರಿಯಾದ ಗ್ರಾಜ್‌ನಲ್ಲಿ ಓದುವಾಗ ಡಿಸಿ ಯಂತ್ರವೊಂದರ ಬ್ರಷ್ಷುಗಳು ಕಿಡಿ ಕಾರುವುದನ್ನು ನೋಡಿ, ಇವಿಲ್ಲದೆಯೇ ಮೋಟಾರು ಏಕೆ ತಿರುಗಬಾರದು ಎಂದು ಕೇಳಿದರು. ಆಗದ ಮಾತೆಂದು ಪ್ರಾಧ್ಯಾಪಕರು ತಳ್ಳಿಹಾಕಿದರು. ಪದವಿಯೂ ಪೂರ್ತಿಯಾಗಲಿಲ್ಲ. 1882ರಲ್ಲಿ ಬುಡಾಪೆಸ್ಟಿನ ಉದ್ಯಾನವೊಂದರಲ್ಲಿ ಗೆಳೆಯನೊಡನೆ ನಡೆಯುವಾಗ ಉತ್ತರ ಹೊಳೆಯಿತು, ಅದನ್ನು ಕಡ್ಡಿಯಿಂದ ಮರಳಿನ ಮೇಲೆ ಬರೆದು ತೋರಿಸಿದರು ಎಂಬುದು ಅವರೇ ಮುಂದೆ ಹೇಳಿಕೊಂಡ ಕಥೆ.

ಉಪಾಯ ಹೀಗಿದೆ. ಎರಡು ಸುರುಳಿಗಳನ್ನು ಒಂದಕ್ಕೊಂದು ಅಡ್ಡವಾಗಿಟ್ಟು ಎರಡಕ್ಕೂ ಎಸಿ ಕೊಡಬೇಕು. ಆದರೆ ಒಂದರ ಪ್ರವಾಹ ಇನ್ನೊಂದಕ್ಕಿಂತ ಕಾಲು ಸುತ್ತು, ಅಂದರೆ 90 ಡಿಗ್ರಿ, ಹಿಂದಿರಬೇಕು. ಆಗ ಎರಡರ ಬಲ ಸೇರಿದ ಕಾಂತಕ್ಷೇತ್ರ ಕುಂದದೆ, ಗಡಿಯಾರದ ಮುಳ್ಳಿನಂತೆ ಸುತ್ತುತ್ತದೆ. ನಡುವಿನ ರೋಟರ್ ಅದರ ಬೆನ್ನು ಹತ್ತುತ್ತದೆ. ಬ್ರಷ್ ಬೇಡ, ಕಿಡಿಯೂ ಇಲ್ಲ.

ಇಟಲಿಯ ಗೆಲಿಲಿಯೊ ಫೆರಾರಿಸ್‌ಗೂ ಇದು ಸ್ವತಂತ್ರವಾಗಿ ಹೊಳೆದಿತ್ತು. 1885ರಲ್ಲೇ ಮಾದರಿ ಮಾಡಿದ್ದರೂ ಕಾರ್ಖಾನೆಗಳಿಗೆ ಇದರಿಂದ ಪ್ರಯೋಜನವಿಲ್ಲವೆಂದು ಅವರು ಭಾವಿಸಿದರು. ಟೆಸ್ಲಾ ಹಾಗೆ ಭಾವಿಸಲಿಲ್ಲ. 1884ರಲ್ಲಿ ನ್ಯೂಯಾರ್ಕಿಗೆ ಬಂದು, ಎಡಿಸನ್ ಕಂಪನಿಯಲ್ಲಿ ಕೆಲವು ತಿಂಗಳು ದುಡಿದು, ಒಂದಷ್ಟು ಕಾಲ ಗುಂಡಿ ತೋಡುವ ಕೂಲಿಯನ್ನೂ ಮಾಡಿ, 1888ರ ಮೇ 1ರಂದು ಪೇಟೆಂಟ್ ಪಡೆದರು. ವೆಸ್ಟಿಂಗ್‌ಹೌಸ್ ಅದರ ಹಕ್ಕು ಪಡೆಯಿತು. 1896ರಲ್ಲಿ ನಯಾಗರಾದ ವಿದ್ಯುತ್ ಬಫಲೊ ನಗರ ತಲುಪಿತು; ಅಲ್ಲಿನ ಮೊದಲ ಜನರೇಟರುಗಳು ಎರಡು ಫೇಸಿನವು. ಮರುವರ್ಷ ಟೆಸ್ಲಾ ಪೇಟೆಂಟುಗಳನ್ನು 2,16,000 ಡಾಲರಿಗೆ ಕಂಪನಿಗೇ ಬಿಟ್ಟುಕೊಟ್ಟರು. ಕೈಗೆ ಬಂದ ಹಣವೆಲ್ಲ ಪ್ರಯೋಗಗಳಲ್ಲಿ ಕರಗಿತು. 1943ರ ಜನವರಿ 7ರಂದು ನ್ಯೂಯಾರ್ಕಿನ ಹೋಟೆಲ್ ಕೋಣೆಯೊಂದರಲ್ಲಿ ಸಾಲಗಾರರಾಗಿ, ಒಬ್ಬಂಟಿಯಾಗಿ ತೀರಿಕೊಂಡರು.

ಸ್ಟೆಪರ್ ಮೋಟಾರನ್ನು ಮಾಡಿದವರು ಟೆಸ್ಲಾ ಅಲ್ಲ. ಆದರೆ ಅದರೊಳಗಿರುವುದೂ 90 ಡಿಗ್ರಿ ಅಂತರದ ಅದೇ ಎರಡು ಫೇಸುಗಳು. ಜನರೇಟರಿನ ಬದಲು ಡ್ರೈವರ್ ಚಿಪ್ ಪ್ರವಾಹ ಹಂಚುತ್ತದೆ. ಬಂದ ಒಂದೊಂದು ಪಲ್ಸಿಗೂ ಅದು ತನ್ನ ಲೆಕ್ಕದಲ್ಲಿ ವಿದ್ಯುತ್ ಕೋನವನ್ನು ಒಂದಿಷ್ಟು ಮುಂದೆ ತಳ್ಳಿ, ಆ ಕೋನಕ್ಕೆ ತಕ್ಕ ಸೈನ್ ಮತ್ತು ಕೊಸೈನ್ ಬೆಲೆಗಳಷ್ಟು ಪ್ರವಾಹವನ್ನು ಸುರುಳಿಗಳಿಗೆ ಕೊಡುತ್ತದೆ. ಎ4988ರಂಥ ಚಿಪ್ಪು ಆನ್ ಆದೊಡನೆ ಎಣಿಕೆ ಶುರುಮಾಡುವುದು 45 ಡಿಗ್ರಿಯಿಂದ. ಆಗ ಎರಡೂ ಸುರುಳಿಗಳಲ್ಲಿ ಸುಮಾರು 71 ಶೇಕಡಾ ಪ್ರವಾಹ. ಇದೇ ಅದರ ಹೋಮ್.

ಈ ಹೋಮ್ ಎಂದರೆ ಯಂತ್ರದ ಆರಂಭ ಸ್ಥಾನ ಎಂದುಕೊಳ್ಳುವುದು ಸಾಮಾನ್ಯ ತಪ್ಪುಕಲ್ಪನೆ. ಸುತ್ತಿಗೆ 200 ಹೆಜ್ಜೆಯ ಮೋಟಾರಿನಲ್ಲಿ ನಾಲ್ಕು ಹೆಜ್ಜೆಗೆ ವಿದ್ಯುತ್ ಕೋನ 360 ಡಿಗ್ರಿ ಮುಗಿಸಿಬಿಡುತ್ತದೆ. ಅಷ್ಟರಲ್ಲಿ ಶಾಫ್ಟ್ ತಿರುಗಿರುವುದು ಬರೀ 7.2 ಡಿಗ್ರಿ. ಅಂದರೆ ಒಂದು ಸುತ್ತಿನಲ್ಲಿ ಅಂಥ 50 ಹೋಮ್‌ಗಳಿವೆ. ಕರೆಂಟ್ ಹೋದಾಗ ಯಾರಾದರೂ ಶಾಫ್ಟನ್ನು ಕೈಯಲ್ಲಿ ತಿರುಗಿಸಿದರೆ, ಮತ್ತೆ ಆನ್ ಮಾಡಿದಾಗ ರೋಟರ್ ಹತ್ತಿರದ ಹೋಮ್‌ಗೆ ಹೋಗಿ ಕೂರುತ್ತದೆ. ಅದು ಐವತ್ತರಲ್ಲಿ ಎಷ್ಟನೆಯದೆಂದು ಚಿಪ್ಪಿಗೆ ತಿಳಿಯದು. ಅದಕ್ಕೇ ಪ್ರಿಂಟರು ಕೆಲಸ ಶುರುಮಾಡುವ ಮೊದಲು ಮೂಲೆಗೆ ಸರಿದು, ಅಲ್ಲಿರುವ ಪುಟ್ಟ ಸ್ವಿಚ್ಚನ್ನು ಮುಟ್ಟಿ ಬರುತ್ತದೆ.